ಪ್ರಸಂಗ ಗೊತ್ತಿಲ್ಲದ ತಾಳಮದ್ದಲೆ: ಮಹಾಯುದ್ಧದ ಪಾಡ್‌ಕಾಸ್ಟ್‌ಗಳನ್ನು ಕೇಳುವಾಗ

ರಾತ್ರಿ ಊಟವಾದ ಮೇಲೆ ಪಾತ್ರೆ ತೊಳೆಯುತ್ತ ಏನಾದರೂ ಕೇಳುವುದು ನನಗೆ ಅಂಟಿಕೊಂಡ ಅಭ್ಯಾಸ. ಆ ದಿನ ಕಿವಿಯಲ್ಲಿ 1944ರ ಜೂನ್ 6ರ ಬೆಳಗು ನಡೆಯುತ್ತಿತ್ತು. ನಾರ್ಮಂಡಿಯ ಒಮಾಹಾ ಕಡಲತೀರದಲ್ಲಿ ಅಮೆರಿಕದ ಸೈನಿಕರು ನುಣುಪುಗಲ್ಲುಗಳ ದಿಬ್ಬದ ಮರೆಯಲ್ಲಿ ಮುಖ ಅಡಿಯಾಗಿ ಮಲಗಿದ್ದಾರೆ. ಬೆನ್ನ ಹಿಂದೆ ಏರುತ್ತಿರುವ ಸಮುದ್ರ, ಎದುರಿಗೆ ಸುರುಳಿ ಸುರುಳಿ ಮುಳ್ಳುತಂತಿ, ಅದರಾಚೆ ಗುಡ್ಡದ ಮೇಲೆ ಜರ್ಮನ್ ಮೆಷಿನ್‌ಗನ್‌ಗಳು. ನಿರೂಪಕ ದನಿ ತಗ್ಗಿಸಿ ಹೇಳಿದ: ಈಗ ಬೇಕಾಗಿರುವುದು ಬ್ಯಾಂಗಲೋರ್‌ಗಳು. ನಾನು ನಲ್ಲಿ ನಿಲ್ಲಿಸಿ, ಒದ್ದೆ ಬೆರಳಿನಲ್ಲಿ ಅರ್ಧ ನಿಮಿಷ ಹಿಂದಕ್ಕೆ ಸರಿಸಿ ಮತ್ತೆ ಕೇಳಿದೆ. ಸಂಶಯವೇ ಇಲ್ಲ, ಬ್ಯಾಂಗಲೋರ್. ಅದೂ ಬಹುವಚನದಲ್ಲಿ.

ಅದು ‘ಬ್ಯಾಂಗಲೋರ್ ಟಾರ್ಪಿಡೊ’. ಸಿಡಿಮದ್ದು ತುಂಬಿದ ಕೊಳವೆ. ಅಂದು ಬಳಸಿದ ಅಮೆರಿಕದ ಮಾದರಿಯ ಒಂದೊಂದು ತುಂಡು ಐದು ಅಡಿ ಉದ್ದ. ಒಂದರ ಬಾಲಕ್ಕೆ ಇನ್ನೊಂದನ್ನು ಸಿಕ್ಕಿಸಿ, ಮಲಗಿದಲ್ಲಿಂದಲೇ ಮುಳ್ಳುತಂತಿಯ ಅಡಿಗೆ ತಳ್ಳಿ ಸಿಡಿಸಿದರೆ ಮನುಷ್ಯ ನುಸುಳುವಷ್ಟು ದಾರಿಯಾಗುತ್ತದೆ. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಪಡೆಯಲ್ಲಿದ್ದ ಕ್ಯಾಪ್ಟನ್ ಮ್ಯಾಕ್ಲಿಂಟಾಕ್ ಎಂಬ ಬ್ರಿಟಿಷ್ ಅಧಿಕಾರಿ ಇದನ್ನು ರೂಪಿಸಿದ. ಹಲಸೂರು ಕೆರೆಯ ಬಳಿ ಇಂದಿಗೂ ಇರುವ ಆ ಪಡೆಯನ್ನು ಈಗ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಎನ್ನುತ್ತೇವೆ. ನಾನು ಕೇಳುತ್ತಿದ್ದ ಕಂತಿನಲ್ಲಿ ಇದಾವುದೂ ಬರಲಿಲ್ಲ. ಮೂರು ಗಂಟೆಯ ಆ ಕಥನದಲ್ಲಿ ನನ್ನ ಊರು ಒಂದು ಆಯುಧದ ಹೆಸರಾಗಿ ಬಂತು, ಸಿಡಿಯಿತು, ಹೋಯಿತು.

ಈ ಕಾರ್ಯಕ್ರಮಗಳನ್ನು ಐದಾರು ವರ್ಷಗಳಿಂದ ಬಿಡದೆ ಕೇಳುತ್ತ ಬಂದವನಿಗೆ ಎರಡು ಪ್ರಶ್ನೆಗಳು ಗಂಟುಬಿದ್ದಿವೆ. ಇಷ್ಟು ಜನ ಇಷ್ಟು ಹೊತ್ತು ಮಹಾಯುದ್ಧಗಳ ಕಥೆ ಕೇಳುತ್ತಿರುವುದೇಕೆ? ಕೇಳಿದ್ದರಲ್ಲಿ ನಂಬಬಹುದಾದದ್ದು ಎಷ್ಟು? ಎರಡನೆಯ ಪ್ರಶ್ನೆ 2024ರ ಸೆಪ್ಟೆಂಬರ್‌ನಿಂದ ಈಚೆಗೆ ಕೇವಲ ಹವ್ಯಾಸಿಗಳ ತಲೆಬಿಸಿಯಾಗಿ ಉಳಿದಿಲ್ಲ. ಆ ವಿಷಯಕ್ಕೆ ಬರುತ್ತೇನೆ.

ಮೊದಲು ಈ ಸಂತೆಯ ಪರಿಚಯ. ಅಮೆರಿಕದ ಒರೆಗಾನ್ ರಾಜ್ಯದ ಡ್ಯಾನ್ ಕಾರ್ಲಿನ್ ಹಿಂದೆ ರೇಡಿಯೊ ಪತ್ರಕರ್ತ. ಅವರ ‘ಹಾರ್ಡ್‌ಕೋರ್ ಹಿಸ್ಟರಿ’ 2013ರಿಂದ 2015ರವರೆಗೆ ಮೊದಲನೆಯ ಮಹಾಯುದ್ಧವನ್ನು ಆರು ಕಂತುಗಳಲ್ಲಿ ಹೇಳಿತು. ಒಂದೊಂದು ಕಂತೂ ಗಂಟೆಗಟ್ಟಲೆ. ಒಟ್ಟು ಸೇರಿಸಿದರೆ ಇಪ್ಪತ್ತು ಗಂಟೆಗೂ ಹೆಚ್ಚು. ಆಮೇಲೆ 2018ರಿಂದ 2021ರವರೆಗೆ ಜಪಾನಿನ ಯುದ್ಧಕ್ಕೆ ಇನ್ನೂ ಆರು ಕಂತು. ಬ್ರಿಟನ್ನಿನಲ್ಲಿ ಹಾಸ್ಯ ಕಲಾವಿದ ಅಲ್ ಮರೆ ಮತ್ತು ಇತಿಹಾಸಕಾರ ಜೇಮ್ಸ್ ಹಾಲೆಂಡ್ 2019ರಿಂದ ಎರಡನೆಯ ಮಹಾಯುದ್ಧದ ಬಗ್ಗೆ ಹರಟುತ್ತಲೇ ಇದ್ದಾರೆ. ಅವರ ಕೇಳುಗರು ವರ್ಷಕ್ಕೊಮ್ಮೆ ಬಯಲಿನಲ್ಲಿ ಟ್ಯಾಂಕುಗಳ ನಡುವೆ ಜಾತ್ರೆ ಸೇರುತ್ತಾರೆ. ಇಂಡಿ ನೈಡೆಲ್ ಮತ್ತು ಅವರ ತಂಡದ್ದು ಇನ್ನೊಂದು ಹಟ. ಮೊದಲನೆಯ ಯುದ್ಧ ಆರಂಭವಾಗಿ ನೂರು ವರ್ಷವಾದ 2014ರಲ್ಲಿ ಶುರುಮಾಡಿ, ಸರಿಯಾಗಿ ನೂರು ವರ್ಷದ ಹಿಂದಿನ ಅದೇ ವಾರದಲ್ಲಿ ನಡೆದುದನ್ನು ವಾರ ವಾರವೂ ಹೇಳುತ್ತ 2018ರಲ್ಲಿ ಮುಗಿಸಿದರು. ಮುಗಿಸಿದವರು ಸುಮ್ಮನೆ ಕೂರದೆ ಎರಡನೆಯದನ್ನು ಕೈಗೆತ್ತಿಕೊಂಡರು. ಅದು ವಿಡಿಯೊ ನಿಜ, ಆದರೆ ಪರದೆ ಆರಿಸಿ ಕೇಳುವವರೇ ನನಗೆ ಗೊತ್ತಿರುವವರಲ್ಲಿ ಹೆಚ್ಚು.

ಜನ ಕೇಳುವುದಕ್ಕೆ ಒಂದು ಕಾರಣ ಮೇಲೆಯೇ ಕಾಣುತ್ತದೆ. ಮಹಾಯುದ್ಧ ತಾನಾಗಿಯೇ ಧಾರಾವಾಹಿ. ತಾರೀಖುಗಳಿವೆ, ಭೂಪಟವಿದೆ, ಪ್ರತಿ ಕಂತಿನ ಕೊನೆಗೂ ಮುಂದೇನು ಎಂಬ ಕುತೂಹಲ ಹಾಗೆಯೇ ನಿಂತಿರುತ್ತದೆ. ಇನ್ನೊಂದು ಕಾರಣ ಸ್ವಲ್ಪ ಒಳಗಿನದು. ಪಶ್ಚಿಮ ರಂಗದ ಕಂದಕಗಳಲ್ಲಿ ಕಾದಿ ಬದುಕಿದ್ದ ಕೊನೆಯ ಬ್ರಿಟಿಷ್ ಸೈನಿಕ ಹ್ಯಾರಿ ಪ್ಯಾಚ್ 2009ರಲ್ಲಿ, 111ನೆಯ ವಯಸ್ಸಿನಲ್ಲಿ ತೀರಿಕೊಂಡ. ಎರಡನೆಯ ಯುದ್ಧವನ್ನು ಕಂಡವರೂ ಈಗ ಬೆರಳೆಣಿಕೆ. ಮನೆಯ ಮೂಲೆಯಲ್ಲಿ ಕೂತು ಯುದ್ಧದ ಕಥೆ ಹೇಳುತ್ತಿದ್ದ, ಅಥವಾ ಹೇಳದೆ ಮೌನವಾಗಿರುತ್ತಿದ್ದ ಅಜ್ಜ ಹೋದ ಮೇಲೆ ಆ ಕುರ್ಚಿಯಲ್ಲಿ ಯಾರಾದರೂ ಕೂರಬೇಕಾಗಿತ್ತು. ಅಲ್ಲಿ ಈಗ ಮೈಕು ಕೂತಿದೆ.

ಕಿವಿಯಿಂದ ಯುದ್ಧ ಕೇಳುವುದು ನಮಗೇನೂ ಹೊಸದಲ್ಲ. ಕುಮಾರವ್ಯಾಸನ ಕರ್ಣಪರ್ವವನ್ನು ಓದಿದವರಿಗಿಂತ ಗಮಕಿಯ ಬಾಯಿಂದ ಕೇಳಿದವರು ಹೆಚ್ಚು. ಅದರಲ್ಲೂ ಇಬ್ಬರು ಮೂವರು ಕೂತು ಮಾತಿನಲ್ಲೇ ಯುದ್ಧ ಮಾಡುವ ಈ ಪಾಡ್‌ಕಾಸ್ಟ್‌ಗಳನ್ನು ಕೇಳಿದಾಗ ನನಗೆ ನೆನಪಾಗುವುದು ತಾಳಮದ್ದಲೆ. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಎದುರುಬದುರು ಕೂತ ಅರ್ಥಧಾರಿಗಳ ಮಾತಿನಲ್ಲೇ ಕುರುಕ್ಷೇತ್ರ ಎದ್ದು ನಿಲ್ಲಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಮಾತಿಗೆ ನಿಂತರೆ ರಾಮನೇ ತಪ್ಪಿತಸ್ಥನೇನೋ ಅನ್ನಿಸುತ್ತಿತ್ತು ಎಂದು ಹಿರಿಯರು ಇಂದಿಗೂ ಹೇಳುತ್ತಾರೆ. ಆದರೆ ಅಂಗಳದಲ್ಲಿ ಕೂತವರಿಗೆ ಪ್ರಸಂಗ, ಅಂದರೆ ಆ ಮಾತಿಗೆ ಆಧಾರವಾದ ಪದ್ಯಗಳ ಕಥೆ, ಬಾಯಿಪಾಠವಿರುತ್ತದೆ. ವಾಲಿಯ ವಾದಕ್ಕೆ ತಲೆದೂಗುತ್ತಲೇ ಅದು ವಾದವೆಂಬುದು ಅವರಿಗೆ ಗೊತ್ತು. ಅರ್ಥಧಾರಿ ಪದ್ಯದ ಆಚೆಗೆ ಜಿಗಿದರೆ ಅದೂ ಗೊತ್ತಾಗುತ್ತದೆ. ಮಹಾಯುದ್ಧದ ಪಾಡ್‌ಕಾಸ್ಟ್‌ನಲ್ಲಿ ಅರ್ಥಧಾರಿ ಇದ್ದಾನೆ, ಸೊಗಸಾದ ಅರ್ಥವಿದೆ, ಕೇಳುಗನ ಕೈಯಲ್ಲಿ ಪ್ರಸಂಗ ಮಾತ್ರ ಇಲ್ಲ. ನನ್ನ ಮಟ್ಟಿಗೆ ಇಡೀ ಸಮಸ್ಯೆ ಇಷ್ಟೇ. ಉಳಿದದ್ದೆಲ್ಲ ಅದರ ಕೊಂಬೆಗಳು.

ಧ್ವನಿ ಎಂಬುದು ಎಷ್ಟು ಸುಲಭವಾಗಿ ಸಾಕ್ಷಿಯ ಕಟಕಟೆ ಹತ್ತಿಬಿಡುತ್ತದೆ ನೋಡಿ. 1940ರ ಜೂನ್ 4ರಂದು ಚರ್ಚಿಲ್ ಬ್ರಿಟಿಷ್ ಸಂಸತ್ತಿನಲ್ಲಿ ‘ಕಡಲತೀರಗಳಲ್ಲಿ ಹೋರಾಡುತ್ತೇವೆ’ ಎಂಬ ಭಾಷಣ ಮಾಡಿದರು. ಫ್ರಾನ್ಸಿನ ಡಂಕರ್ಕ್‌ನಿಂದ ಬ್ರಿಟಿಷ್ ಸೇನೆ ಹಿಂದೆ ಸರಿದ ಬಗ್ಗೆ ಹೇಳುವ ಬಹುಪಾಲು ಕಾರ್ಯಕ್ರಮಗಳಲ್ಲಿ ಆ ಗಡಸು ದನಿ ಬಂದೇ ಬರುತ್ತದೆ, ಮೈ ಜುಮ್ಮೆನ್ನುತ್ತದೆ. ಆದರೆ ಆಗ ಸಂಸತ್ತಿನ ಕಲಾಪವನ್ನು ಧ್ವನಿಮುದ್ರಿಸುವ ಪದ್ಧತಿಯೇ ಇರಲಿಲ್ಲ. ಅಂದು ರಾತ್ರಿ ರೇಡಿಯೊದಲ್ಲಿ ಭಾಷಣದ ಭಾಗಗಳನ್ನು ಓದಿದ್ದು ಬಿಬಿಸಿಯ ವಾರ್ತಾವಾಚಕ. ನಾವು ಕೇಳುತ್ತಿರುವುದು ಚರ್ಚಿಲ್ 1949ರಲ್ಲಿ, ಯುದ್ಧ ಗೆದ್ದು ನಾಲ್ಕು ವರ್ಷವಾದ ಮೇಲೆ, ತಮ್ಮ ಮನೆಯಲ್ಲಿ ಕೂತು ಮತ್ತೆ ಓದಿ ಮುದ್ರಿಸಿದ್ದನ್ನು. ದನಿ ಅವರದೇ, ಪದಗಳೂ ಅವರವೇ. ಸೋಲು ಗೆಲುವು ತಿಳಿಯದ ಆ ಸಂಜೆಯ ನಡುಕ ಮಾತ್ರ ಅದರಲ್ಲಿ ಇರಲು ಸಾಧ್ಯವಿಲ್ಲ.

ಅದಕ್ಕೆ ಸರಿಯಾಗಿ ಎರಡು ವರ್ಷವಾದ ಮೇಲೆ, 1942ರ ಜೂನ್ 4ರಂದು, ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. ಫಿನ್ಲೆಂಡಿನ ಸೇನಾನಿ ಮ್ಯಾನರ್‌ಹೈಮ್ ಅವರ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಹಿಟ್ಲರ್ ವಿಮಾನ ಹತ್ತಿ ಬಂದಿದ್ದ. ರೈಲುಬೋಗಿಯೊಂದರಲ್ಲಿ ಮಾತುಕತೆ. ಔಪಚಾರಿಕ ಭಾಷಣ ಮುಗಿದ ಮೇಲೂ ಫಿನ್ನಿಷ್ ರೇಡಿಯೊದ ತಂತ್ರಜ್ಞ ಥೋರ್ ಡಾಮೆನ್ ಮೈಕನ್ನು ಹಾಗೆಯೇ ಬಿಟ್ಟ. ಸುಮಾರು 11 ನಿಮಿಷ ಕಳೆಯುವಷ್ಟರಲ್ಲಿ ಹಿಟ್ಲರನ ಅಂಗರಕ್ಷಕರ ಕಣ್ಣಿಗೆ ಬಿದ್ದು ನಿಲ್ಲಿಸಬೇಕಾಯಿತು. ಹಿಟ್ಲರ್ ಕಿರುಚದೆ, ಮಾಮೂಲಿ ದನಿಯಲ್ಲಿ ಮಾತನಾಡುವುದು ಕೇಳಿಸುವ ಏಕೈಕ ಮುದ್ರಣವೆಂದು ಅದು ಹೆಸರಾಗಿದೆ. ಒಂದು ದೇಶ 35 ಸಾವಿರ ಟ್ಯಾಂಕುಗಳನ್ನು ಇಳಿಸಬಲ್ಲದೆಂದು ಯಾರಾದರೂ ಮೊದಲೇ ಹೇಳಿದ್ದರೆ ನಿನಗೆ ಹುಚ್ಚು ಹಿಡಿದಿದೆ ಎನ್ನುತ್ತಿದ್ದೆ ಎಂದು ರಷ್ಯಾದ ಬಲದ ಬಗ್ಗೆ ಅವನು ಗೊಣಗುತ್ತಾನೆ. ಪಕ್ಕದ ಮನೆಯ ಯಜಮಾನ ವ್ಯಾಪಾರದಲ್ಲಿ ಕೈಸುಟ್ಟುಕೊಂಡು ಹೇಳಿದ ಹಾಗೆ. ಪ್ರಾಮಾಣಿಕ ಮುದ್ರಣವಾದರೂ ಅದನ್ನು ಕೇಳುವುದರಲ್ಲಿ ಒಂದು ಅಪಾಯವಿದೆ: ಸೌಮ್ಯ ದನಿ ಮನುಷ್ಯನನ್ನೇ ಸೌಮ್ಯ ಮಾಡಿಬಿಡುತ್ತದೆ.

ಮೂರನೆಯದು ಇನ್ನೂ ಚಂದದ ಉದಾಹರಣೆ. 1918ರ ನವೆಂಬರ್ 11, ಬೆಳಗಿನ ಹನ್ನೊಂದು ಗಂಟೆ. ತೋಪುಗಳ ಮೊರೆತ ನಿಂತು ಮೌನ ಆವರಿಸುತ್ತದೆ, ಹಕ್ಕಿಯೊಂದು ಉಲಿಯುತ್ತದೆ. ‘ಮೊದಲನೆಯ ಮಹಾಯುದ್ಧ ನಿಂತ ಕ್ಷಣದ ನಿಜವಾದ ಧ್ವನಿ’ ಎಂಬ ಒಕ್ಕಣೆಯೊಂದಿಗೆ ಅದು ಎಷ್ಟೋ ಮೊಬೈಲುಗಳಿಗೆ ಬಂದಿದೆ, ನನಗೂ ಬಂದಿತ್ತು. ಅದು ನಿಜವಾದ ಮುದ್ರಣವಲ್ಲ. ಶತ್ರುವಿನ ತೋಪು ಎಲ್ಲಿದೆಯೆಂದು ಪತ್ತೆಹಚ್ಚಲು ಸೈನ್ಯ ಬಳಸುತ್ತಿದ್ದ ಉಪಕರಣ ಸದ್ದಿನ ಕಂಪನಗಳನ್ನು ಫಿಲ್ಮಿನ ಮೇಲೆ ಗೆರೆಗಳಾಗಿ ಬರೆಯುತ್ತಿತ್ತು. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ನೂರನೆಯ ವರ್ಷದ ಪ್ರದರ್ಶನಕ್ಕೆಂದು 2018ರಲ್ಲಿ ಆ ಗೆರೆಗಳ ಆಧಾರದ ಮೇಲೆ ಧ್ವನಿ ತಜ್ಞರಿಂದ ಮಾಡಿಸಿದ ಮರುಸೃಷ್ಟಿ ಅದು. ಮ್ಯೂಸಿಯಂ ಏನನ್ನೂ ಬಚ್ಚಿಡಲಿಲ್ಲ. ಹಂಚಿದವರು ‘ಮರುಸೃಷ್ಟಿ’ ಎಂಬ ಪದವನ್ನು ದಾರಿಯಲ್ಲಿ ಉದುರಿಸಿಕೊಂಡರು. ಫಿಲ್ಮಿನ ಮೇಲೆ ಹಕ್ಕಿ ಇರಲಿಲ್ಲ.

ಹೀಗೆ ಉದುರುವುದು, ಸೇರುವುದು ಕಥೆ ಹೇಳುವ ಕೆಲಸದ ಸ್ವಭಾವ. ಸರಾಯೆವೊದಲ್ಲಿ 1914ರ ಜೂನ್ 28ರಂದು ಆಸ್ಟ್ರಿಯಾದ ಯುವರಾಜ ಆರ್ಚ್‌ಡ್ಯೂಕ್ ಫ್ರಾನ್ಸ್ ಫರ್ಡಿನಾಂಡನನ್ನು ಕೊಂದು ಮೊದಲನೆಯ ಮಹಾಯುದ್ಧಕ್ಕೆ ಕಿಡಿ ಹಚ್ಚಿದ ಗಾವ್ರಿಲೊ ಪ್ರಿನ್ಸಿಪ್ ಆ ಹೊತ್ತಿಗೆ ಸ್ಯಾಂಡ್‌ವಿಚ್ ತಿನ್ನಲು ಅಂಗಡಿಗೆ ಹೋಗಿದ್ದ, ಹೊರಬಂದರೆ ಕಾರು ಎದುರಿಗೇ ನಿಂತಿತ್ತು ಎಂಬ ಕಥೆಯನ್ನು ನಾನೂ ಇಬ್ಬರು ಮೂವರಿಗೆ ಸಂಭ್ರಮದಿಂದ ಹೇಳಿದ್ದೇನೆ. ಒಂದು ಸ್ಯಾಂಡ್‌ವಿಚ್ಚಿನಿಂದ ಕೋಟಿಗಟ್ಟಲೆ ಸಾವು! ಇಂಥ ಕಥೆಯನ್ನು ಯಾರು ಬಿಡುತ್ತಾರೆ? ಆದರೆ ಆ ಕಾಲದ ಯಾವ ಸಾಕ್ಷ್ಯದಲ್ಲೂ ಸ್ಯಾಂಡ್‌ವಿಚ್ ಇಲ್ಲ. ಈ ಶತಮಾನದ ಆರಂಭದಲ್ಲಷ್ಟೇ ಅದು ಟಿವಿ ಮತ್ತು ಅಂತರ್ಜಾಲದ ಮೂಲಕ ಹಬ್ಬಿತು. ನಡೆದದ್ದು ಇದಕ್ಕಿಂತ ಸಪ್ಪೆ, ಆದರೆ ಹೆಚ್ಚು ಅರ್ಥವತ್ತಾದದ್ದು. ಬೆಳಗ್ಗೆ ಬಾಂಬ್ ದಾಳಿ ವಿಫಲವಾದ ಮೇಲೆ ಕಾರಿನ ಮಾರ್ಗ ಬದಲಿಸಲು ಅಧಿಕಾರಿಗಳು ತೀರ್ಮಾನಿಸಿದರು, ಆ ಮಾತು ಚಾಲಕನಿಗೆ ತಲುಪಲಿಲ್ಲ. ಅವನು ಮೊದಲೇ ಪ್ರಕಟವಾಗಿದ್ದ ಮಾರ್ಗದಂತೆ ಲ್ಯಾಟಿನ್ ಸೇತುವೆಯ ಬಳಿ ತಿರುಗಿಸಿದ. ಪ್ರಿನ್ಸಿಪ್ ನಿಂತಿದ್ದುದು ಆ ಮಾರ್ಗದ ಬದಿಯಲ್ಲೇ, ಷಿಲ್ಲರ್ ಎಂಬುವನ ತಿನಿಸಿನ ಅಂಗಡಿಯ ಮುಂದೆ. ಕೊಲೆಗಾರ ಇರಬೇಕಾದಲ್ಲೇ ಇದ್ದ. ದಾರಿ ತಪ್ಪಿದ್ದು ಸರ್ಕಾರಿ ಸಂದೇಶ. ಅಂಗಡಿ ಇತ್ತಲ್ಲ, ಅದಕ್ಕೆ ಯಾರೋ ಸ್ಯಾಂಡ್‌ವಿಚ್ ಕೊಟ್ಟರು.

ಪುಸ್ತಕದಲ್ಲಿ ಇಂಥದ್ದು ಸೇರಿದರೆ ಓದುಗ ಅಡಿಟಿಪ್ಪಣಿಗೆ ಕಣ್ಣು ಹಾಯಿಸಬಹುದು, ಎರಡನೆಯ ಮುದ್ರಣದಲ್ಲಿ ತಿದ್ದಬಹುದು. ಪತ್ರಿಕೆಯಲ್ಲಾದರೆ ಒಳಪುಟದ ಮೂಲೆಯಲ್ಲಿ ತಪ್ಪೊಪ್ಪಿಗೆ ಬರುತ್ತದೆ. ನಾಲ್ಕು ಗಂಟೆಯ ಆಡಿಯೊದಲ್ಲಿ ಎರಡನೆಯ ಗಂಟೆಯ ಹನ್ನೆರಡನೆಯ ನಿಮಿಷಕ್ಕೆ ನುಸುಳಿದ ತಪ್ಪನ್ನು ಹಿಂದಕ್ಕೆ ಹೋಗಿ ಯಾರು ಹುಡುಕುತ್ತಾರೆ? ಕೇಳುಗ ಆಗ ಬಸ್ಸಿನಲ್ಲಿ ಕಂಬ ಹಿಡಿದು ನಿಂತಿರುತ್ತಾನೆ. ಕಾರ್ಲಿನ್ ಇದಕ್ಕೆ ತಮ್ಮದೇ ಉಪಾಯ ಮಾಡಿಕೊಂಡಿದ್ದಾರೆ. ಬೇರೆಯವರ ಮಾತನ್ನು ಓದುವಾಗ ದನಿ ಬದಲಿಸಿ ‘ಉದ್ಧರಣೆ ಶುರು’, ‘ಉದ್ಧರಣೆ ಮುಗಿಯಿತು’ ಎಂದು ಬಾಯಿಬಿಟ್ಟು ಹೇಳುತ್ತಾರೆ. ಕೇಳಲು ಸ್ವಲ್ಪ ತಮಾಷೆ, ಆದರೆ ಯಾವುದು ಪದ್ಯ, ಯಾವುದು ಅರ್ಥ ಎಂಬುದು ತಿಳಿಯುತ್ತದೆ. ತಾನು ಇತಿಹಾಸಕಾರನಲ್ಲ, ಇತಿಹಾಸದ ಅಭಿಮಾನಿ ಎಂದೂ ಅವರು ಹೇಳಿಕೊಳ್ಳುತ್ತಾರೆ. ಅದು ವಿನಯವೋ ಗುರಾಣಿಯೋ ಎಂಬ ಜಗಳ ಇತಿಹಾಸ ವಿಭಾಗಗಳಲ್ಲಿ ನಡೆಯುತ್ತಲೇ ಇದೆ. ನನ್ನ ಎಣಿಕೆಯಲ್ಲಿ ಎರಡೂ.

ಈಗ 2024ರ ಸೆಪ್ಟೆಂಬರ್. ಅಮೆರಿಕದ ಟಿವಿ ನಿರೂಪಕ ಟಕರ್ ಕಾರ್ಲ್‌ಸನ್ ತಮ್ಮ ಕಾರ್ಯಕ್ರಮಕ್ಕೆ ಡ್ಯಾರಿಲ್ ಕೂಪರ್ ಎಂಬ ಪಾಡ್‌ಕಾಸ್ಟರ್‌ನನ್ನು ಕರೆದು, ಅಮೆರಿಕದ ಅತ್ಯುತ್ತಮ, ಅತ್ಯಂತ ಪ್ರಾಮಾಣಿಕ ಜನಪ್ರಿಯ ಇತಿಹಾಸಕಾರ ಎಂದು ಪರಿಚಯಿಸಿದರು. ಕೂಪರ್ ಗಂಟೆಗಟ್ಟಲೆ ಏಕಾಂಗಿಯಾಗಿ ಕಥೆ ಹೇಳಬಲ್ಲ, ತಗ್ಗು ದನಿಯ, ಅವಸರವಿಲ್ಲದ ಮಾತುಗಾರ. ಅಂದು ಅವರು ಹೇಳಿದ್ದು: ಎರಡನೆಯ ಮಹಾಯುದ್ಧದ ಮುಖ್ಯ ಖಳನಾಯಕ ಚರ್ಚಿಲ್. ಹಿಟ್ಲರನಿಗೆ ಬ್ರಿಟನ್ನಿನೊಂದಿಗೆ ಕಾದುವ ಮನಸ್ಸಿರಲಿಲ್ಲ, ಚರ್ಚಿಲ್ ಯುದ್ಧವನ್ನು ಎಳೆದರು. ಪೂರ್ವ ರಂಗದಲ್ಲಿ ಲಕ್ಷಾಂತರ ಜನ ಶಿಬಿರಗಳಲ್ಲಿ ಸತ್ತದ್ದು ಏಕೆಂದರೆ ಅಷ್ಟು ಕೈದಿಗಳನ್ನು ಏನು ಮಾಡಬೇಕೆಂಬ ಯೋಜನೆಯೇ ಜರ್ಮನರಲ್ಲಿ ಇರಲಿಲ್ಲ. ಗದ್ದಲವೆದ್ದಿತು. ಶ್ವೇತಭವನವೇ ಖಂಡಿಸಿ ಹೇಳಿಕೆ ಕೊಟ್ಟಿತು. ಆಂಡ್ರೂ ರಾಬರ್ಟ್ಸ್, ನಿಯಾಲ್ ಫರ್ಗುಸನ್ ಮೊದಲಾದ ಇತಿಹಾಸಕಾರರು ಉತ್ತರ ಬರೆದರು. ಕೂಪರ್ ಅವರ ಪಾಡ್‌ಕಾಸ್ಟ್‌ಗೆ ಅದರಿಂದ ನಷ್ಟವೇನೂ ಆಗಲಿಲ್ಲ. 2025ರಲ್ಲಿ ಅಮೆರಿಕದ ಹೆಸರಾಂತ ಪಾಡ್‌ಕಾಸ್ಟರ್ ಜೋ ರೋಗನ್ ಕೂಡ ಅವರನ್ನು ಮೈಕಿನ ಮುಂದೆ ಕೂರಿಸಿದರು.

ಪ್ರಸಂಗ ಬಿಚ್ಚಿ ನೋಡೋಣ. ಜರ್ಮನಿ ಪೋಲೆಂಡಿನ ಮೇಲೆ ಬಿದ್ದದ್ದು 1939ರ ಸೆಪ್ಟೆಂಬರ್ 1ರಂದು. ಆಗ ಬ್ರಿಟನ್ನಿನ ಪ್ರಧಾನಿ ಚೇಂಬರ್ಲೇನ್. ಚರ್ಚಿಲ್ ಸಂಪುಟದಲ್ಲೂ ಇರಲಿಲ್ಲ. ಅವರು ಪ್ರಧಾನಿಯಾದದ್ದು 1940ರ ಮೇ 10ರಂದು. ಅದೇ ಬೆಳಗ್ಗೆ ಜರ್ಮನ್ ಸೇನೆ ಹಾಲೆಂಡ್, ಬೆಲ್ಜಿಯಂಗಳಿಗೆ ನುಗ್ಗಿತ್ತು. ಆ ಮೇ ತಿಂಗಳ ಕೊನೆಯಲ್ಲಿ ವಿದೇಶಾಂಗ ಸಚಿವ ಲಾರ್ಡ್ ಹ್ಯಾಲಿಫ್ಯಾಕ್ಸ್ ಸಂಧಾನದ ದಾರಿ ನೋಡೋಣವೆಂದೂ ಚರ್ಚಿಲ್ ಬೇಡವೆಂದೂ ಯುದ್ಧ ಸಂಪುಟದಲ್ಲಿ ವಾದ ನಡೆದದ್ದು ನಿಜ, ಆ ತೀರ್ಮಾನ ಸರಿಯೇ ಎಂದು ಇತಿಹಾಸಕಾರರು ಚರ್ಚಿಸಿದ್ದೂ ನಿಜ. ಇಲ್ಲಿಯವರೆಗೆ ಅರ್ಥಗಾರಿಕೆಗೆ ಜಾಗವಿದೆ.

ಕೈದಿಗಳ ವಿಷಯದಲ್ಲಿ ಆ ಜಾಗವಿಲ್ಲ. ರಷ್ಯಾದ ಮೇಲೆ ದಾಳಿ ಶುರುವಾದದ್ದು 1941ರ ಜೂನ್ 22ರಂದು. ಅದಕ್ಕೆ ಏಳು ವಾರ ಮೊದಲು, ಮೇ 2ರಂದು, ಜರ್ಮನಿಯ ವಿವಿಧ ಖಾತೆಗಳ ಕಾರ್ಯದರ್ಶಿಗಳು ಸಭೆ ಸೇರಿದ್ದರು. ಸಭೆಯ ಟಿಪ್ಪಣಿ ಉಳಿದಿದೆ. ಜರ್ಮನ್ ಸೇನೆ ರಷ್ಯಾದ ನೆಲದಿಂದಲೇ ಉಣ್ಣಬೇಕು, ನಮಗೆ ಬೇಕಾದದ್ದನ್ನು ಅಲ್ಲಿಂದ ತೆಗೆದರೆ ಕೋಟಿಗಳ ಲೆಕ್ಕದಲ್ಲಿ ಜನ ಹಸಿವಿನಿಂದ ಸಾಯುವುದು ನಿಶ್ಚಯ ಎಂದು ಅದರಲ್ಲಿ ಬರೆದಿದೆ. ಆಹಾರ ಖಾತೆಯ ಹರ್ಬರ್ಟ್ ಬಾಕೆ ಇದರ ಸೂತ್ರಧಾರ. ಸೆರೆಸಿಕ್ಕ ಸುಮಾರು 57 ಲಕ್ಷ ಸೋವಿಯತ್ ಸೈನಿಕರಲ್ಲಿ ಸುಮಾರು 33 ಲಕ್ಷ ಮಂದಿ ಸತ್ತರು. ಯೋಜನೆ ಇರಲಿಲ್ಲ ಎನ್ನುವುದು ಸುಳ್ಳು. ಇದ್ದ ಯೋಜನೆಯೇ ಅದು. ಇದನ್ನು ತಿಳಿಯಲು ಒಂದೂವರೆ ಪುಟದ ಟಿಪ್ಪಣಿ ಓದಿದರೆ ಸಾಕು. ಆದರೆ ಅದನ್ನು ಓದುವ ದನಿಗೆ ಕೂಪರ್ ದನಿಯ ಮೋಹಕತೆ ಬರುವುದು ಕಷ್ಟ, ಕಚೇರಿ ಟಿಪ್ಪಣಿಗೆ ಸಂಗೀತ ಹಾಕಿದರೂ ಕಚೇರಿ ಟಿಪ್ಪಣಿಯೇ.

ನಮ್ಮ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಿಗೂ ಆ ಸಂದರ್ಶನದ ತುಣುಕು ಬಂತು. ನನಗೆ ಬಂದಾಗ ಕಳುಹಿಸಿದವರ ಒಕ್ಕಣೆ, ‘ಕೊನೆಗೂ ಸತ್ಯ ಹೇಳುವವರು ಹುಟ್ಟಿದರು’. ಅದರ ಹಿಂದಿನ ಸಿಟ್ಟು ಅರ್ಥವಾಗುತ್ತದೆ. 1943ರ ಬಂಗಾಳದ ಕ್ಷಾಮದಲ್ಲಿ ಸತ್ತವರು ಸುಮಾರು 30 ಲಕ್ಷವೆಂಬ ಅಂದಾಜಿದೆ. ಧಾನ್ಯ ತರಲು ಹಡಗು ಕೊಡುವ ವಿಚಾರದಲ್ಲಿ ಚರ್ಚಿಲ್ ಸಂಪುಟ ನಡೆದುಕೊಂಡ ರೀತಿಗೆ ದಾಖಲೆಗಳಿವೆ. ಬೆಂಗಳೂರು ಕ್ಲಬ್ಬಿನ ಹಳೆಯ ಲೆಕ್ಕದ ಪುಸ್ತಕದಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರಿನ ಮುಂದೆ ಬಾಕಿ ಉಳಿದ 13 ರೂಪಾಯಿಯನ್ನು ನಾವು ನಗುತ್ತ ಹೇಳುತ್ತೇವೆ. ಬಂಗಾಳದ ಬಾಕಿ ನಗುವಂಥದ್ದಲ್ಲ. ಆದರೆ ಆ ಸಂದರ್ಶನದ ವಾದಕ್ಕೆ ಬಂಗಾಳದ ಹಂಗಿಲ್ಲ. ಚರ್ಚಿಲ್‌ನನ್ನು ಕಟಕಟೆಗೆ ಹತ್ತಿಸುವುದು ಅಲ್ಲಿ ಹಿಟ್ಲರನನ್ನು ಇಳಿಸಲಿಕ್ಕೆ. ನಮ್ಮ ಮೊಕದ್ದಮೆ ಬೇರೆ, ಸಾಕ್ಷಿಗಳು ಬೇರೆ. ಇನ್ನೊಬ್ಬರ ಮೊಕದ್ದಮೆಗೆ ಚಪ್ಪಾಳೆ ತಟ್ಟಿದರೆ ನಮ್ಮದು ಗೆದ್ದಂತಾಗುವುದಿಲ್ಲ.

ಹಣದ ಮಾತನ್ನೂ ಆಡಿಬಿಡಬೇಕು. ಈ ಕೆಲಸಕ್ಕೆ ಬಂಡವಾಳ ಕಡಿಮೆ: ಒಂದು ಮೈಕು, ಒಂದು ಕೋಣೆ, ಒಂದು ರಾಶಿ ಪುಸ್ತಕ. ಆದಾಯ ಜಾಹೀರಾತಿನಿಂದ, ತಿಂಗಳ ಚಂದಾದಿಂದ, ವೇದಿಕೆ ಪ್ರದರ್ಶನಗಳಿಂದ. ಕಾರ್ಲಿನ್ ಹೊಸ ಕಂತುಗಳನ್ನು ಉಚಿತವಾಗಿ ಕೊಟ್ಟು ಹಳೆಯವನ್ನು ಮಾರುತ್ತಾರೆ. ಅಲ್ ಮರೆ ಅವರ ಕಾರ್ಯಕ್ರಮವನ್ನು ತಯಾರಿಸುವ ಗೋಲ್‌ಹ್ಯಾಂಗರ್ ಕಂಪನಿ ಮಾಜಿ ಫುಟ್‌ಬಾಲ್ ಆಟಗಾರ ಗ್ಯಾರಿ ಲಿನೆಕರ್ ಜೊತೆಗೂಡಿ ಕಟ್ಟಿದ್ದು. ಪತ್ರಾಗಾರಕ್ಕೆ ಹೋಗಿ ಒಂದು ತಿಂಗಳು ಧೂಳು ಕುಡಿದರೂ ಸಿಗುವ ಹಣ ಅಷ್ಟೇ, ನಾಲ್ಕು ಪುಸ್ತಕ ಓದಿ ಸೊಗಸಾಗಿ ಹೇಳಿದರೂ ಅಷ್ಟೇ. ಒಮ್ಮೆ ಫ್ರಾನ್ಸಿನ ಸೋಮ್ ಕದನದ ಮೊದಲ ದಿನದ ಕಥೆ ಕೇಳುತ್ತಿದ್ದೆ. 1916ರ ಜುಲೈ 1, ಒಂದೇ ದಿನದಲ್ಲಿ ಸತ್ತ ಬ್ರಿಟಿಷ್ ಸೈನಿಕರು 19,240. ನಿರೂಪಕ ಆ ಸಂಖ್ಯೆ ಹೇಳಿ ಎರಡು ಕ್ಷಣ ಸುಮ್ಮನಾದ. ಆಮೇಲೆ ಅದೇ ದನಿಯಲ್ಲಿ, ಬೆನ್ನುನೋವಿಲ್ಲದೆ ನಿದ್ದೆ ಬರಿಸುವ ಹಾಸಿಗೆಯ ಗುಣಗಾನ ಶುರುಮಾಡಿದ. ಅವನನ್ನು ದೂರಿ ಪ್ರಯೋಜನವಿಲ್ಲ. ಅವನ ಸಾಲವನ್ನು ತೀರಿಸುವುದು ಹಾಸಿಗೆಯೇ ಹೊರತು ಸೋಮ್ ಅಲ್ಲ.

ಇನ್ನು ನಮ್ಮ ಪಾಲು. ಮೊದಲನೆಯ ಯುದ್ಧದಲ್ಲಿ ಅವಿಭಜಿತ ಭಾರತದಿಂದ ಹೋದವರು 13 ಲಕ್ಷಕ್ಕೂ ಹೆಚ್ಚು, ಸತ್ತವರು ಸುಮಾರು 74 ಸಾವಿರ. ಎರಡನೆಯದರಲ್ಲಿ ಸೈನ್ಯದ ಸಂಖ್ಯೆ 25 ಲಕ್ಷಕ್ಕೆ ಮುಟ್ಟಿತು. ಇಂಗ್ಲಿಷ್ ಪಾಡ್‌ಕಾಸ್ಟ್‌ಗಳಲ್ಲಿ ಈ ಅಂಕಿಗಳು ಬರುತ್ತವೆ, ಈಚೆಗೆ ಗೌರವದಿಂದಲೇ ಬರುತ್ತವೆ. ಅಂಕಿಯ ಬೆನ್ನಿಗೆ ಮನುಷ್ಯ ಬರುವುದಿಲ್ಲ. ಇದಕ್ಕೆ ಬರೀ ಪೂರ್ವಗ್ರಹವನ್ನು ಹೊಣೆ ಮಾಡಿದರೆ ಸಾಲದು. ಇಂಪೀರಿಯಲ್ ವಾರ್ ಮ್ಯೂಸಿಯಂ 1972ರಲ್ಲೇ ಧ್ವನಿ ಸಂಗ್ರಹದ ವಿಭಾಗ ತೆರೆದು, ಮುದಿ ಸೈನಿಕರ ಮನೆಬಾಗಿಲಿಗೆ ಟೇಪ್‌ರೆಕಾರ್ಡರ್ ಹೊತ್ತು ಹೋಯಿತು. ಕಂದಕದ ಇಲಿ, ಹೇನು, ಕೆಸರು, ತಾಯಿಯನ್ನು ಕರೆಯುತ್ತ ಸತ್ತ ಗೆಳೆಯ, ಎಲ್ಲವೂ ಅವರ ಬಾಯಿಂದಲೇ ಉಳಿದವು. ಇಂದಿನ ನಿರೂಪಕ ಅದನ್ನು ಎತ್ತಿಕೊಳ್ಳುತ್ತಾನೆ. ನಮ್ಮ ಸೈನಿಕರ ಮನೆಗೆ ಅಂಥ ರೆಕಾರ್ಡರ್ ಬರಲಿಲ್ಲ.

ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್ ಅನ್ನೇ ನೋಡಿ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆ ಪಡೆಯೊಂದಿಗೆ ಸೇರಿ ಅವರು ಇಂದಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದರು. ಜೋಧಪುರದವರು ಪಟ್ಟಣದತ್ತ ನುಗ್ಗಿದರೆ, ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ತೋಪುಗಳನ್ನು ಹಿಡಿಯಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳು ಜೋಧಪುರ, ಹೈದರಾಬಾದ್, ಮೈಸೂರು ಪಡೆಗಳವು. ಕಲ್ಲು ಇದೆ, ದನಿ ಇಲ್ಲ. ಬೆಟ್ಟ ಹತ್ತುವಾಗ ಕುದುರೆಯ ಗೊರಸು ಜಾರಿತೇ, ಬಾಯಾರಿಕೆಗೆ ಏನು ಕುಡಿದರು, ಊರಿಗೆ ಮರಳಿದ ಮೇಲೆ ಹೆಂಡತಿಗೆ ಏನು ಹೇಳಿದರು ಎಂದು ಒಬ್ಬನೇ ಒಬ್ಬ ಕನ್ನಡದಲ್ಲಿ ಹೇಳಿದ್ದು ಟೇಪಿನಲ್ಲಿದ್ದರೆ ಪ್ಯಾಲೆಸ್ಟೈನ್ ರಂಗದ ಕಂತುಗಳಲ್ಲಿ ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಬ್ರಿಟಿಷ್ ಅಧಿಕಾರಿ ಲಾರೆನ್ಸ್ ಒಬ್ಬನೇ ಒಂಟೆ ಏರಿ ಹೋಗುತ್ತಿರಲಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕನ್ನಡನಾಡಿನಲ್ಲಿ ಎರಡನೆಯ ಮಹಾಯುದ್ಧದ ನೆನಪು ಇಲ್ಲವೆಂದಲ್ಲ. ಅದನ್ನು ನಾವು ಬೇರೆ ಪೆಟ್ಟಿಗೆಗಳಲ್ಲಿ ಇಟ್ಟಿದ್ದೇವೆ. ಅಜ್ಜಿಯರು ಹೇಳುತ್ತಿದ್ದ ‘ಲೆವಿ’, ‘ಕಂಟ್ರೋಲು’, ಸೀಮೆಎಣ್ಣೆಗೆ ಹತ್ತಿದ ಬರ, ಇವೆಲ್ಲ ಯುದ್ಧವೇ. 1942ರ ಈಸೂರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಿದ್ದ ಮೈಲಾರ ಮಹದೇವ, ಇವರು ಸ್ವಾತಂತ್ರ್ಯ ಚಳವಳಿಯ ಪಾಠದಲ್ಲಿದ್ದಾರೆ. ಅದು ರಷ್ಯಾದ ಸ್ಟಾಲಿನ್‌ಗ್ರಾಡ್ ಕದನದ ಕಾಲವೂ ಹೌದೆಂದು ಯಾರೂ ಜೋಡಿಸಿ ಹೇಳಲಿಲ್ಲ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಕಟ್ಟಿದ ವಿಮಾನ ಕಾರ್ಖಾನೆ ಅಮೆರಿಕದ ಯುದ್ಧವಿಮಾನಗಳ ರಿಪೇರಿ ಕೇಂದ್ರವಾದದ್ದು ಎಚ್‌ಎಎಲ್ ಚರಿತ್ರೆಯ ಒಂದು ಪುಟ. ಇಟಲಿಯ ಯುದ್ಧಕೈದಿಗಳನ್ನು ಬೆಂಗಳೂರಿನಲ್ಲಿ ಇಟ್ಟಿದ್ದುದು ಹಳಬರ ಹರಟೆಗಷ್ಟೇ ಸೀಮಿತ. ಕೊಡಗಿನ ಸೇನಾನಿ ತಿಮ್ಮಯ್ಯನವರು ಬರ್ಮಾದ ಅರಕಾನಿನಲ್ಲಿ ಜಪಾನೀಯರ ವಿರುದ್ಧ ಕಾದುತ್ತಿದ್ದ ಯುದ್ಧದಲ್ಲೇ ಅವರ ಒಡಹುಟ್ಟಿದ ಪೊನ್ನಪ್ಪ ಸುಭಾಷರ ಐಎನ್‌ಎ ಸೇರಿದ್ದರು. ಒಂದೇ ಮನೆಯ ಇಬ್ಬರು ಎದುರುಬದುರು. ಇದಕ್ಕಿಂತ ದೊಡ್ಡ ಪ್ರಸಂಗ ಯಾವ ಅರ್ಥಧಾರಿಗೆ ಬೇಕು?

ಕನ್ನಡದಲ್ಲಿ ಗಂಟೆಗಟ್ಟಲೆ ಗಂಭೀರವಾಗಿ ಮಾತನಾಡಿದರೆ ಕೇಳುವವರಿದ್ದಾರೆ ಎಂಬುದನ್ನು 2018ರಲ್ಲಿ ಶುರುವಾದ ‘ತಲೆ-ಹರಟೆ’ಯಂಥ ಪಾಡ್‌ಕಾಸ್ಟ್‌ಗಳು ತೋರಿಸಿವೆ. ಮಹಾಯುದ್ಧದ ವಿಷಯಕ್ಕೆ ಬಂದರೆ ಯೂಟ್ಯೂಬಿನಲ್ಲಿ ನನಗೆ ಸಿಗುವುದು ಹೆಚ್ಚಾಗಿ ‘ಹಿಟ್ಲರನ ಕೊನೆಯ ಗಂಟೆಗಳು’ ಬಗೆಯವು. ಇಂಗ್ಲಿಷ್ ವಿಡಿಯೊದ ಅನುವಾದ, ಮೇಲೆ ಡೊಳ್ಳು ಬಡಿದಂಥ ಸಂಗೀತ, ಎಲ್ಲಿಂದ ತಂದದ್ದೆಂಬ ಸುಳಿವಿಲ್ಲ. ಸ್ಯಾಂಡ್‌ವಿಚ್ ಅಲ್ಲಿಯೂ ಇದೆ, ಬನ್ ಆಗಿ. ಈ ಕಡೆ ಕೊಡಗು, ಬೆಳಗಾವಿ ಸೀಮೆಯ ಎಷ್ಟೋ ಮನೆಗಳ ಟ್ರಂಕುಗಳಲ್ಲಿ ಪದಕ, ಪಿಂಚಣಿ ಪುಸ್ತಕ, ಇರಾಕಿನ ಬಸ್ರಾದಿಂದ ಬಂದ ಕಾಗದ ಮಲಗಿವೆ. ಸೈನಿಕರು ಹೋದರೂ ಅವರಿಂದ ಕೇಳಿದ ಮಕ್ಕಳು ಎಂಬತ್ತರ ಆಸುಪಾಸಿನಲ್ಲಿ ಇನ್ನೂ ಇದ್ದಾರೆ. ಈಗ ಅವರ ಮನೆಗೆ ಹೋಗಲು ಟೇಪ್‌ರೆಕಾರ್ಡರ್ ಕೂಡ ಬೇಡ, ಜೇಬಿನ ಮೊಬೈಲ್ ಸಾಕು.

ಮೊದಲನೆಯ ಯುದ್ಧದ ಭಾರತೀಯ ಸಿಪಾಯಿಗಳ ದನಿ ಉಳಿದಿರುವುದು ಬರ್ಲಿನ್ನಿನಲ್ಲಿ, ಉಳಿಸಿದವರು ಶತ್ರುಗಳು. ಬರ್ಲಿನ್ ಹತ್ತಿರದ ವ್ಯೂನ್ಸ್‌ಡಾರ್ಫ್ ಶಿಬಿರದಲ್ಲಿ ಸೆರೆಯಿದ್ದ ಸಿಪಾಯಿಗಳನ್ನು ಜರ್ಮನ್ ಭಾಷಾತಜ್ಞರು ಒಬ್ಬೊಬ್ಬರಾಗಿ ಗ್ರಾಮೊಫೋನ್ ಕೊಳವೆಯ ಮುಂದೆ ನಿಲ್ಲಿಸಿ ಮಾತನಾಡಿಸಿದರು. ಅವರಿಗೆ ಬೇಕಾಗಿದ್ದುದು ಭಾಷೆಯ ಮಾದರಿ. ಮನುಷ್ಯನ ಕಥೆ ಕೇಳುವ ಉದ್ದೇಶವಿರಲಿಲ್ಲ. ಆ ತಟ್ಟೆಗಳು ಈಗ ಹಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿ ಸಂಗ್ರಹದಲ್ಲಿವೆ. 1916ರ ಡಿಸೆಂಬರ್ 11ರಂದು ಪಂಜಾಬಿನ ಮಲ್ ಸಿಂಗ್ ಎಂಬ ಸಿಪಾಯಿಯ ಸರದಿ ಬಂತು. ಅವನು ‘ನಾನು’ ಎನ್ನಲಿಲ್ಲ. ಒಬ್ಬ ಮನುಷ್ಯನಿದ್ದ ಎಂದು, ಮಕ್ಕಳಿಗೆ ಕಥೆ ಹೇಳುವಂತೆ ಶುರುಮಾಡಿದ. ಆ ಮನುಷ್ಯ ಹಿಂದೂಸ್ತಾನದಲ್ಲಿ ಬೆಣ್ಣೆ ತಿನ್ನುತ್ತಿದ್ದ, ಹಾಲು ಕುಡಿಯುತ್ತಿದ್ದ. ಇಂಗ್ಲಿಷರ ಸೇನೆಗೆ ಸೇರಿದ. ಯುರೋಪಿನ ಯುದ್ಧಕ್ಕೆ ಬಂದ. ಜರ್ಮನಿ ಅವನನ್ನು ಹಿಡಿಯಿತು. ಅವನಿಗೆ ಹಿಂದೂಸ್ತಾನಕ್ಕೆ ಹೋಗಬೇಕಾಗಿದೆ, ಹೋದರೆ ಮತ್ತೆ ಅದೇ ಊಟ ಸಿಗುತ್ತದೆ. ಒಂದೆರಡು ನಿಮಿಷದ ಆ ಮುದ್ರಣದಲ್ಲಿ ಯುದ್ಧದ ಪಾಲಿಗೆ ಬಂದದ್ದು ಇಷ್ಟು. ಕೊಳವೆಯ ಆಚೆ ಕೂತ ಪಂಡಿತರು ಉಚ್ಚಾರಣೆಯನ್ನು ಗುರುತು ಹಾಕಿಕೊಂಡು ಮುಂದಿನವನನ್ನು ಕರೆದರು.